ಅಕ್ಕನ ರಕ್ತ ತೆಗೆಯದ ದಿನ

ಹೊಟ್ಟೆ ಉಬ್ಬಿದ ಹೆಂಗಸಿಗೆ ನಮ್ಮ ಕಡೆ ಇರೋದು ಎರಡೇ ಕಾಯಿಲೆ. ಒಂದು ಬಸಿರು, ಇನ್ನೊಂದು ಗ್ಯಾಸು. ನನಗಾಗ ನಲವತ್ತು ದಾಟಿತ್ತು, ಮಗ ಹೈಸ್ಕೂಲಿನಲ್ಲಿದ್ದ, ಹಾಗಾಗಿ ಬಸಿರು ಅನ್ನೋಕೆ ಯಾರಿಗೂ ಧೈರ್ಯ ಬರಲಿಲ್ಲ. ಗ್ಯಾಸೇ ಗಟ್ಟಿಯಾಯಿತು. ಮೊಳಕಾಲ್ಮೂರಿನ ಡಾಕ್ಟರು ಗ್ಯಾಸು ಅಂದರು, ಚಳ್ಳಕೆರೆಯ ಡಾಕ್ಟರೂ ಎರಡು ಮೂರು ಸಲ ರಕ್ತ ತೆಗೆದು ನೋಡಿ ಗ್ಯಾಸು ಅಂದರು. ನಮ್ಮ ಶಾಲೆಯ ಹೆಡ್ಮಾಸ್ಟರು ಕೂಡ ಸ್ಟಾಫ್ ರೂಮಿನಲ್ಲಿ ಕಾಲು ಚಾಚಿ ಕೂತು, "ಕಡ್ಲೆಬೇಳೆ ಬಿಡ್ರಿ ಮೇಡಂ, ಎಲ್ಲಾ ಸರಿಹೋಗುತ್ತೆ" ಅಂದರು. ಕಡ್ಲೆಬೇಳೆ ಬಿಟ್ಟೆ. ಅವರೆಕಾಳು ಬಿಟ್ಟೆ. ಆಲೂಗಡ್ಡೆ ಬಿಟ್ಟೆ. ಕೊನೆಗೆ ಮುದ್ದೆಯೇ ನನ್ನನ್ನು ಬಿಡೋಕೆ ಶುರು ಮಾಡಿತು. ಎರಡು ತುತ್ತಿಗೆ ಹೊಟ್ಟೆ ತುಂಬಿಬಿಡುತ್ತಿತ್ತು. ತೋಳು ಕಡ್ಡಿಯಾಗುತ್ತಿದ್ದವು, ರವಿಕೆ ಸಡಿಲ, ಲಂಗದ ಲಾಡಿ ಮಾತ್ರ ಗಂಟಿಗೆ ಸಾಲದು. ಇದ್ಯಾವ ಸೀಮೆ ಗ್ಯಾಸು ಅಂತ ನನಗೊಬ್ಬಳಿಗೇ ಅನುಮಾನ.

ನಾನು ಈರಮ್ಮ, ಟೀಚರು. ಹುಟ್ಟಿದ್ದು ಚಳ್ಳಕೆರೆ ಸೀಮೆಯ ಒಂದು ಗೊಲ್ಲರಹಟ್ಟಿಯಲ್ಲಿ, ಕುರಿಗಳ ನಡುವೆ. ಟಿಸಿಎಚ್ ಮಾಡಿದ ಮೇಲೆ ಕೆಲಸ ಸಿಕ್ಕಿದ್ದು ರಾಂಪುರದ ಹತ್ತಿರದ ಶಾಲೆಯಲ್ಲಿ. ನನ್ನ ಗಂಡ ತಿಪ್ಪೇಸ್ವಾಮಿ ಮೊಳಕಾಲ್ಮೂರಿನ ಸೀರೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವವರು. ಗಿರಾಕಿ ಎದುರು ಮಾತ್ರ ಅವರಿಗೆ ಬಾಯಿ; ಮನೆಯಲ್ಲಿ ಇಬ್ಬರ ಪಾಲಿನ ಮಾತೂ ನನ್ನದೇ. ಈ ಬಾಯಿ ಇದ್ದದ್ದಕ್ಕೇ ಬದುಕಿಕೊಂಡಳು ಅನ್ನುವವರೂ ಇದ್ದಾರೆ, ಈ ಬಾಯಿಂದಲೇ ಕಾಯಿಲೆ ಬಂತು ಅನ್ನುವವರೂ ಇದ್ದಾರೆ. ಎರಡನ್ನೂ ಕೇಳಿಸಿಕೊಂಡಿದ್ದೇನೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಗ್ಯಾಸಿನ ಮಾತ್ರೆ ನುಂಗಿ ನುಂಗಿ ಸಾಕಾಗಿ, ನಾನೇ ಹಟ ಹಿಡಿದು, ನಮ್ಮೋರನ್ನೂ ಹೊರಡಿಸಿಕೊಂಡು ಚಳ್ಳಕೆರೆಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದೆ. ಹೊಟ್ಟೆ ಮೇಲೆ ತಣ್ಣನೆಯ ಅಂಟು ಹಚ್ಚಿ, ಅದರ ಮೇಲೆ ಮೆಷೀನು ಆಡಿಸುತ್ತಾ ಇದ್ದ ಡಾಕ್ಟರು ಅಲ್ಲಿತನಕ ನರ್ಸಿನ ಹತ್ತಿರ ಮಳೆ ವಿಚಾರ ಮಾತಾಡುತ್ತಿದ್ದರು. ಇದ್ದಕ್ಕಿದ್ದಂಗೆ ಮೆಷೀನನ್ನು ಒಂದೇ ಕಡೆ ಒತ್ತಿ ಹಿಡಿದರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು: "ಗಂಡಸ್ರು ಯಾರಾದ್ರೂ ಬಂದಿದಾರಾ?"

ಹೊಟ್ಟೆ ನನ್ನದು, ಅದರೊಳಗೆ ಇರೋದು ನನ್ನದು, ಸುದ್ದಿ ಮಾತ್ರ ಗಂಡಸರಿಗೆ! ನಮ್ಮೋರನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ನಾನು ಹೊರಗೆ ಬೆಂಚಿನ ಮೇಲೆ ಕೂತು, ಗೋಡೆಯ ಮೇಲಿನ ನಗುವ ಮಗುವಿನ ಚಿತ್ರ ನೋಡುತ್ತಿದ್ದೆ. ಹೊರಗೆ ಬಂದ ನಮ್ಮೋರ ಮುಖ ಬಿಳಿಚಿಕೊಂಡಿತ್ತು. "ಏನಿಲ್ಲ, ಒಂದು ಸಣ್ಣ ಗಡ್ಡೆ ಐತಂತೆ. ಬೆಂಗಳೂರಿಗೆ ತೋರ್ಸಿ ಅಂದ್ರು" ಅಂದರು. ಸಣ್ಣ ಗಡ್ಡೆಗೆ ಬೆಂಗಳೂರು ಯಾಕೆ ಅಂತ ಕೇಳಿದೆ. ಬಸ್ಸಿಗೆ ಹೊತ್ತಾಯ್ತು ನಡಿ ಅಂದರು. ಬಸ್ಸಿನಲ್ಲಿ ಮೊಳಕಾಲ್ಮೂರು ತಲುಪುವಷ್ಟರಲ್ಲಿ ಅದು ಯಾವ ಗಡ್ಡೆ ಅಂತ ನನಗೇ ಗೊತ್ತಾಗಿತ್ತು. ಮಾರನೇ ದಿನದ ಹೊತ್ತಿಗೆ ಅಂಗಡಿ ಸಾಹುಕಾರರಿಗೆ, ಪಕ್ಕದ ಮನೆಯವರಿಗೆ, ಹಟ್ಟಿಯಲ್ಲಿ ಅವ್ವನಿಗೆ, ಎಲ್ಲರಿಗೂ ಗೊತ್ತಿತ್ತು. ನನ್ನೆದುರು ಮಾತ್ರ ಎಲ್ಲರೂ "ಸಣ್ಣ ಗಡ್ಡೆ" ಅಂತಲೇ ನಾಟಕ ಆಡಿದರು. ಆ ನಾಟಕಕ್ಕೆ ನನಗೆ ಬಂದಷ್ಟು ಸಿಟ್ಟು ಕಾಯಿಲೆಯ ಮೇಲೂ ಬರಲಿಲ್ಲ.

ಬೆಂಗಳೂರಿನ ಆ ದೊಡ್ಡಾಸ್ಪತ್ರೆಯ ಹೆಸರು ಬೇಡ. ಹೋದವರಿಗೆ ಗೊತ್ತಿರುತ್ತದೆ, ಹೋಗದವರಿಗೆ ಗೊತ್ತಾಗೋದು ಬೇಡ. ಚಳ್ಳಕೆರೆ, ಹಿರಿಯೂರು ದಾಟಿ ಬಸ್ಸಿನಲ್ಲಿ ಹೋಗಿ ಇಳಿದು, ಚೀಟಿ ಮಾಡಿಸಿ, ಆ ಉದ್ದನೆಯ ಪಡಸಾಲೆಯಲ್ಲಿ ಕೂತರೆ ಹೊತ್ತು ಅನ್ನೋದು ನಿಂತುಬಿಡುತ್ತಿತ್ತು. ಪ್ಲಾಸ್ಟಿಕ್ ಬುಟ್ಟಿ, ಬಿಸಿನೀರಿನ ಫ್ಲಾಸ್ಕು, ಚಾಪೆ ಸುತ್ತಿಕೊಂಡು ಬಂದ ಊರೂರಿನ ಜನ. ಯಾರೂ ಯಾರನ್ನೂ "ಏನಾಗೈತೆ" ಅಂತ ಕೇಳುತ್ತಿರಲಿಲ್ಲ. "ಎಲ್ಲಿ?" ಅಂತ ಕೇಳುತ್ತಿದ್ದರು. ಗಂಟಲು, ಎದೆ, ನಾಲಿಗೆ, ಹೊಟ್ಟೆ. ಊರಿನ ಹೆಸರು ಹೇಳಿದ ಹಾಗೆ ಹೇಳುತ್ತಿದ್ದೆವು.

ಆಪರೇಷನ್ ಆಯಿತು. ಗರ್ಭಕೋಶ, ಅಂಡಕೋಶ ಎಲ್ಲವನ್ನೂ ತೆಗೆದರು. ಆಮೇಲೆ ಕೀಮೋ. ಅದನ್ನು ಬಣ್ಣಿಸೋಕೆ ಹೋಗಲ್ಲ. ಆಗದವರಿಗೆ ಅರ್ಥ ಆಗಲ್ಲ, ಆದವರಿಗೆ ನೆನಪು ಮಾಡಿಕೊಡಬಾರದು. ಬಾಯಲ್ಲಿ ತಾಮ್ರದ ಕಾಸು ಇಟ್ಟುಕೊಂಡಂಥ ರುಚಿ, ನೀರು ಕುಡಿದರೂ ವಾಕರಿಕೆ. ನನ್ನ ಪಕ್ಕದ ಮಂಚದಲ್ಲಿ ರಾಯದುರ್ಗದ ಕಡೆಯ ಒಬ್ಬ ಅಜ್ಜಿ ಇದ್ದಳು. ತೆಲುಗು ಬಿಟ್ಟು ಬೇರೆ ಮಾತು ಬಾರದು. ಮೊಳಕಾಲ್ಮೂರಿನಲ್ಲಿ ಬಾಳುವೆ ಮಾಡಿದ ನನಗೆ ತೆಲುಗು ಹೊಸದೇನಲ್ಲ. ನಾನು ಬಕೆಟ್ಟಿಗೆ ಬಗ್ಗಿದಾಗಲೆಲ್ಲ ಅಜ್ಜಿ ಅರ್ಧ ನಿಂಬೆಹಣ್ಣು ನನ್ನ ಮೂಗಿಗೆ ಹಿಡಿದು, "ಏಂ ಕಾದುಲೇ ಅಮ್ಮಾ, ಏಂ ಕಾದು" ಅನ್ನುತ್ತಿದ್ದಳು. ಏನೂ ಆಗಲ್ಲ ಬಿಡವ್ವ ಅಂತ. ಅವಳ ಕೈಗೂ ಸೂಜಿ ಚುಚ್ಚಿರುತ್ತಿತ್ತು. ಆ ಆಸ್ಪತ್ರೆಯಲ್ಲಿ ನನಗೆ ಸಿಕ್ಕ ದೊಡ್ಡ ಔಷಧಿ ಅಂದರೆ ಆ ನಿಂಬೆಹಣ್ಣೇ. ನಾಲ್ಕನೇ ಸಲ ಹೋದಾಗ ಆ ಮಂಚದಲ್ಲಿ ಬೇರೆ ಯಾರೋ ಮಲಗಿದ್ದರು. ಅಜ್ಜಿ ಎಲ್ಲಿ ಅಂತ ನಾನು ಕೇಳಲಿಲ್ಲ.

ಒಂದು ದಿನ ತಡೆಯಲಾರದೆ ದೊಡ್ಡ ಡಾಕ್ಟರಮ್ಮನನ್ನು ಕೇಳಿಯೇಬಿಟ್ಟೆ. "ಊರಲ್ಲಿ ಅಷ್ಟು ಸಲ ರಕ್ತ ತೆಗೆದ್ರಲ್ಲ ಮೇಡಂ, ಒಂದರಲ್ಲಾದ್ರೂ ಯಾಕೆ ಕಾಣಲಿಲ್ಲ?"

ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಮುಖ ನೋಡಿ ಮಾತಾಡಿದ ಮೊದಲ ಡಾಕ್ಟರು ಅವರೇ. "ಅವರು ಸಕ್ಕರೆ ನೋಡಿದಾರಮ್ಮ, ರಕ್ತ ಕಮ್ಮಿ ಇದೆಯಾ ಅಂತ ನೋಡಿದಾರೆ. ಇದನ್ನ ನೋಡಿಲ್ಲ. ಇದಕ್ಕೆ ಬೇರೆ ಪರೀಕ್ಷೆ ಇದೆ. ಆದ್ರೆ ಅದೂ ಒಂಥರಾ ಸೋಮಾರಿ. ರೋಗ ಬಲಿತ ಮೇಲೆ ಕೂಗುತ್ತೆ. ಶುರುವಿನಲ್ಲಿ ಎಷ್ಟೋ ಸಲ ಸುಮ್ಮನೆ ಇದ್ದುಬಿಡುತ್ತೆ."

"ಮನೆಗೆ ಕಳ್ಳ ಬಂದು ಹೋದಮೇಲೆ ಬೊಗಳೋ ನಾಯಿ ಯಾಕೆ ಬೇಕು ಮೇಡಂ?" ಅಂದೆ.

ಅವರು ನಕ್ಕರು. "ಅದಕ್ಕೇ ಇನ್ನೊಂದು ನಾಯಿ ಹುಡುಕ್ತಾ ಇದೀವಿ" ಅಂದರು.

ಇತ್ತ ಊರಿನಲ್ಲಿ ನನ್ನ ಬೋಳುತಲೆ ದೊಡ್ಡ ಸುದ್ದಿಯಾಗಿತ್ತು. ಸ್ಟಾಫ್ ರೂಮಿನಲ್ಲಿ ನನ್ನ ಲೋಟ ಬೇರೆಯಾಯಿತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕಿಟಕಿ ಮೇಲೆ ಒಂದು ಹೊಸ ಸ್ಟೀಲ್ ಲೋಟ ಬಂದು ಕೂತಿತು, ಅಷ್ಟೇ. "ಇದು ಅಂಟಲ್ಲ ಕಣ್ರಿ" ಅಂದೆ. "ಛೆ ಛೆ, ನಾವೇನು ಅಂದ್ವಿ ಮೇಡಂ" ಅಂದರು. ಲೋಟ ಅಲ್ಲೇ ಇತ್ತು. ನಮ್ಮೋರು ಮಾತ್ರ ನಾನು ಅರ್ಧ ಬಿಟ್ಟ ಗಂಜಿಯನ್ನು ಅದೇ ತಟ್ಟೆಯಲ್ಲಿ ಕುಡಿದು ಅಂಗಡಿಗೆ ಹೋಗುತ್ತಿದ್ದರು. ಬಾಯಿಬಿಟ್ಟು ಒಂದು ಸಮಾಧಾನದ ಮಾತು ಹೇಳಿದವರಲ್ಲ. ಆದರೂ ಆ ತಟ್ಟೆ ನೋಡಿದಾಗಲೆಲ್ಲ ಅಳು ಬರುತ್ತಿತ್ತು.

ಸ್ವಲ್ಪ ಚೇತರಿಸಿಕೊಂಡು ಹಟ್ಟಿಗೆ ಹೋದೆ. ಅವ್ವ ನನ್ನ ತಲೆ ಸವರಿ ಅತ್ತಳು, ದೃಷ್ಟಿ ತೆಗೆದಳು, ರಾಗಿ ಅಂಬಲಿ ಕೊಟ್ಟಳು. ಆಮೇಲೆ ಏನಂದಳು ಗೊತ್ತೇ? "ಹೋಗ್ಲಿ ಬಿಡೇ ಈರಿ, ಇನ್ನು ನಿನಗೆ ಹೊರಗಿರೋ ಕಾಟ ಒಂದು ತಪ್ತು. ಯಾವಾಗ ಬೇಕಾದ್ರೂ ಹಟ್ಟಿಗೆ ಬರಬೋದು."

ಗರ್ಭಕೋಶ ಕಳೆದುಕೊಂಡು ಬಂದ ಮಗಳಿಗೆ ತವರು ಕೊಟ್ಟ ಬಹುಮಾನ ಅದು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಹಟ್ಟಿಯ ಸುತ್ತ ಮುಳ್ಳಿನ ಬೇಲಿ ಇದೆ, ಬೇಲಿಯೊಳಗೆ ದೇವರಿದ್ದಾನೆ. ಮುಟ್ಟಾದ ಹೆಣ್ಣು ಬೇಲಿಯ ಹೊರಗೆ ಗುಡಿಸಲಲ್ಲಿರಬೇಕು. ಊಟ ದೂರದಿಂದ ನೀಡುತ್ತಾರೆ. ಮುಟ್ಟು ನಿಂತು, ತಲೆಗೆ ಸ್ನಾನ ಮಾಡಿದ ಮೇಲೆಯೇ ಒಳಗೆ. ಸುಳ್ಳು ಯಾಕೆ ಹೇಳಲಿ, ಆ ಗುಡಿಸಲಲ್ಲಿ ನಾವು ಹೊಟ್ಟೆ ಹುಣ್ಣಾಗುವಂಗೆ ನಕ್ಕಿದ್ದೂ ಉಂಟು. ಗಂಡಸರ ಕಾಟವಿಲ್ಲ, ಒಲೆಯ ಕಾಟವಿಲ್ಲ. ಮಳೆ ಬಂದಾಗ, ಚೇಳು ಬಂದಾಗ, ಹೊಟ್ಟೆ ನೋವು ಹಿಂಡಿದಾಗ ಮಾತ್ರ ನಗು ನಿಲ್ಲುತ್ತಿತ್ತು. ನಾವ್ಯಾರೂ ಅದನ್ನು ಪ್ರಶ್ನೆ ಮಾಡಿದವರಲ್ಲ.

ಆಗ ನನಗೆ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಅದೇ ಸೋಮಾರಿ ಪರೀಕ್ಷೆ. ಒಂದು ನಂಬರು ಬರುತ್ತದೆ, ಆ ನಂಬರು ಕೆಳಗಿದ್ದರೆ ಮೂರು ತಿಂಗಳ ಆಯುಷ್ಯ ಕೊಟ್ಟ ಹಾಗೆ. ಅಂಥ ಒಂದು ಸಲ ಹೋದಾಗ ದೊಡ್ಡ ಡಾಕ್ಟರಮ್ಮನ ಕೈಕೆಳಗಿನ ಒಬ್ಬ ಚಿಕ್ಕ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದಳು. ರೋಗ ಇನ್ನೂ ಎಳೆಯದಾಗಿದ್ದಾಗಲೇ ರಕ್ತದಲ್ಲಿ ಏನಾದರೂ ಸುಳಿವು ಸಿಗುತ್ತದಾ ಅಂತ ಹುಡುಕುತ್ತಿದ್ದಾರಂತೆ. ಅದಕ್ಕೆ ರೋಗಿಯ ರಕ್ತ ಸಾಲದು, ಅದೇ ರಕ್ತಸಂಬಂಧದ ಚೆನ್ನಾಗಿರುವ ಹೆಂಗಸರ ರಕ್ತವೂ ಬೇಕಂತೆ. "ಈಗಿರೋ ಪರೀಕ್ಷೇನೂ ಮಾಡಿ ಹೇಳ್ತೀವಿ. ನಿಮ್ಮ ಅಕ್ಕತಂಗಿಯರು ಇದಾರಾ?" ಅಂದಳು.

"ಒಬ್ಬಳು ಅಕ್ಕ. ಮಿಕ್ಕಂತೆ ಇಡೀ ಹಟ್ಟಿಯೇ ನಮ್ಮ ರಕ್ತ" ಅಂದೆ. ನನಗೆ ಹುರುಪು ಬಂದಿತ್ತು. ನನಗೆ ತಡವಾದದ್ದು ಬೇರೆಯವಳಿಗೆ ತಡವಾಗಬಾರದು ಅನ್ನೋದು ಒಂದು. ಇನ್ನೊಂದು, ಅಕ್ಕ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಬರುವ ಸಂಭವ ಜಾಸ್ತಿ ಅಂತ ಡಾಕ್ಟರಮ್ಮ ಹೇಳಿದ ದಿನದಿಂದ ನನಗೆ ಅಕ್ಕನದೇ ಭಯ.

ಅಕ್ಕ ಕರಿಯಮ್ಮ ನನಗಿಂತ ದೊಡ್ಡವಳು. ಗಂಡ ಸತ್ತ ಮೇಲೆ ಮಗಳು ಮಂಜುಳಳನ್ನು ಕರೆದುಕೊಂಡು ತವರಿಗೇ ಬಂದಿದ್ದಳು. ನಮ್ಮಣ್ಣನ ಕುರಿ, ನಮ್ಮಣ್ಣನ ಹೊಲ, ನಮ್ಮವ್ವನ ಆರೈಕೆ, ಎಲ್ಲಾ ಅವಳ ತಲೆ ಮೇಲೆ. ಯಾರಿಗೂ ಎದುರಾಡಿದವಳಲ್ಲ. ನನ್ನ ಪಾಲಿನ ತಾಳ್ಮೆಯನ್ನೂ ದೇವರು ಅವಳಿಗೇ ಕೊಟ್ಟಿದ್ದ.

ಹಟ್ಟಿಯ ಹೆಂಗಸರನ್ನು ಒಪ್ಪಿಸೋಕೆ ನನಗೆ ಬೆವರಿಳಿಯಿತು. ರಕ್ತ ಮಾರ್ಕಂತಾರಂತೆ ಅಂತ ಒಬ್ಬಳು, ತೆಗೆದ್ರೆ ಕಸುವು ಹೋಗ್ತೈತೆ ಅಂತ ಇನ್ನೊಬ್ಬಳು. "ಸೊಳ್ಳೆಗೆ ದಿನಾ ಕೊಡ್ತೀರ, ಡಾಕ್ಟ್ರಿಗೆ ಒಂದಿನ ಕೊಡೋಕೆ ಏನ್ ದಾಡಿ ನಿಮಗೆ?" ಅಂತ ಬೈದೆ. ನಕ್ಕು ಒಪ್ಪಿದರು. ನಮ್ಮಣ್ಣ ಹಟ್ಟಿಯ ಹಿರೀಕರಲ್ಲಿ ಒಬ್ಬ. ಅವನೂ ಒಪ್ಪಿದ. ಕೆಟ್ಟವನಲ್ಲ ಅವನು. ನನ್ನ ಆಪರೇಷನ್ ಹೊತ್ತಿಗೆ ಮೇಯುತ್ತಿದ್ದ ಕುರಿಗಳನ್ನು ಕಾವಲಿನಲ್ಲೇ ಬಿಟ್ಟು ಬೆಂಗಳೂರಿಗೆ ಬಂದು, ವಾರ್ಡಿನ ಬಾಗಿಲಲ್ಲಿ ಎಳನೀರು ಹಿಡಿದು ನಿಂತಿದ್ದವನು.

ಹೇಳಿದ ದಿನಕ್ಕೆ ಜೀಪು ಬಂತು. ಚಿಕ್ಕ ಡಾಕ್ಟರಮ್ಮ, ಒಬ್ಬ ನರ್ಸು, ಐಸ್ ತುಂಬಿದ ಒಂದು ಪೆಟ್ಟಿಗೆ. ನಮ್ಮಣ್ಣನ ಮನೆ ಮುಂದಿನ ಬೇವಿನ ಮರದ ಕೆಳಗೆ ಮೇಜು ಹಾಕಿಸಿದೆ. ಮೊದಲು ಅವ್ವನೇ ತೋಳು ಚಾಚಿದಳು. ಆಮೇಲೆ ಒಬ್ಬೊಬ್ಬರೇ ಬಂದರು. ಸೂಜಿ ಚುಚ್ಚಿದಾಗ ಚೀರೋದು, ಮಿಕ್ಕವರು ನಗೋದು, ಹಬ್ಬದ ಹಾಗಿತ್ತು. ಅಕ್ಕ ಎಲ್ಲಿ ಅಂತ ಕೇಳಿದೆ.

"ಹೊರಗವ್ಳೆ" ಅಂದಳು ಅವ್ವ.

"ಹೋದ ಸಲ ಬಂದಾಗ್ಲೂ ಹೊರಗಿದ್ಳಲ್ಲವ್ವ?"

"ಅವಳಿಗೆ ನಿಲ್ಲೋ ಕಾಲ. ಹಿಂದ್ಮುಂದಾಗ್ತೈತೆ. ಒಳಗೆ ಬರ್ತಾಳೆ, ನಾಕು ದಿನಕ್ಕೆ ಮತ್ತೆ ಹೋಗ್ತಾಳೆ."

ಬೇಲಿ ದಾಟಿ ಗುಡಿಸಲಿಗೆ ಓಡಿದೆ. ಅಕ್ಕ ಹೊಸ್ತಿಲಲ್ಲಿ ಕೂತು ಹುಣಸೆಬೀಜ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಮುದ್ದೆ ಹಾಗೇ ಇತ್ತು. ಯಾಕೆ ಉಣ್ಣಲಿಲ್ಲ ಅಂದೆ. "ಯಾಕೋ ಈಚೆಗೆ ಎರಡು ತುತ್ತಿಗೇ ಸಾಕನ್ಸತೈತೆ ಕಣೇ ಈರಿ. ಗ್ಯಾಸು ಇರಬೋದು" ಅಂದಳು.

ಅವಳ ತೋಳು ನೋಡಿದೆ. ನನ್ನವೇ ತೋಳು, ಆ ದಿನಗಳವು.

ವಾಪಸ್ ಓಡಿಬಂದು ಡಾಕ್ಟರಮ್ಮನಿಗೆ ಹೇಳಿದೆ. ಪಾಪ, ಅವಳು ಆಗಲೇ ಸೂಜಿ ಹಿಡಿದು ಎದ್ದಳು. ಅಣ್ಣ ಅಡ್ಡ ಬಂದ. "ಅಲ್ಲಿ ಮುಟ್ಟಿ ಬಂದು ಇಲ್ಲಿ ನಮ್ ಹೆಣ್ಮಕ್ಕಳನ್ನ ಮುಟ್ಟಂಗಿಲ್ಲಮ್ಮ."

"ಸರಿ, ಎಲ್ಲರದ್ದೂ ಆಗ್ಲಿ. ಹೋಗ್ತಾ ಕೊನೇಲಿ ತಗೊಂತಾರೆ" ಅಂದೆ. ಅಣ್ಣ ಯೋಚನೆ ಮಾಡಿದ. ಒಪ್ಪುತ್ತಿದ್ದನೋ ಏನೋ. ಅಷ್ಟರಲ್ಲಿ ಅವ್ವ ಕೇಳಿದಳು: "ಅವಳ ರಕ್ತ ಯಾವ ಪೆಟ್ಟಿಗೇಲಿಡ್ತಾರೆ?"

"ಇದರಲ್ಲೇ, ಐಸ್ ಇರೋದು ಇದೊಂದೇ" ಅಂದಳು ನರ್ಸು.

"ಇದರಾಗೆ ನಮ್ಮೆಲ್ಲರ ರಕ್ತ ಐತಲ್ಲವ್ವ!" ಅಂದಳು ಅವ್ವ. "ಹೊರಗಿನೋಳ ರಕ್ತ ಇದಕ್ಕೆ ತಾಗಿದ್ರೆ ಇದು ಮೈಲಿಗೆ. ಇದು ಮೈಲಿಗೆ ಆದ್ರೆ ನಾವೂ ಮೈಲಿಗೆ. ಬರೋ ವಾರ ದೇವರ ಕಾರ್ಯ ಐತೆ. ಇಡೀ ಹಟ್ಟಿ ಹೆಣ್ಮಕ್ಕಳು ಎಲ್ಲಿಗೆ ಹೋಗಾನ?"

ನೀವು ನಗಬಹುದು. ಅಲ್ಲಿ ಯಾರೂ ನಗಲಿಲ್ಲ. ಮೈಯಿಂದ ಹೊರಬಂದರೂ ನಮ್ಮ ರಕ್ತ ನಮ್ಮದೇ, ಎಲ್ಲೇ ಇದ್ದರೂ ಅದಕ್ಕೆ ಆದದ್ದು ನಮಗೂ ಆಗುತ್ತದೆ, ಇದು ಅವರ ಲೆಕ್ಕ. ಕೊಟ್ಟು ಕೂತಿದ್ದ ಹೆಂಗಸರೆಲ್ಲ ಎದ್ದು ಬಂದರು. "ಹಂಗಾದ್ರೆ ನಮ್ ರಕ್ತ ನಮಗೆ ವಾಪಸ್ ಕೊಡ್ರಿ" ಅಂತ ಒಬ್ಬಳು ಪೆಟ್ಟಿಗೆಗೇ ಕೈ ಹಾಕಿದಳು. ನಾನು ಕೂಗಾಡಿದೆ. ಗಾಜಿನ ಕೊಳವೆ ಮುಚ್ಚಿರುತ್ತೆ, ತಾಗಲ್ಲ ಅಂತ ಡಾಕ್ಟರಮ್ಮ ಹೇಳಿದಳು. "ಮನೆ ಬಾಗ್ಲು ಮುಚ್ಚಿದ್ರೂ ಸೂತಕ ಒಳಗೆ ಬರಲ್ವಾ?" ಅಂದಳು ಅವ್ವ. ಅದಕ್ಕೆ ಯಾವ ಡಾಕ್ಟರ ಹತ್ತಿರ ಉತ್ತರ ಇದೆ ಹೇಳಿ.

ಗಲಾಟೆ ಕೇಳಿ ಅಕ್ಕ ಬೇಲಿ ತನಕ ಬಂದು ನಿಂತಿದ್ದಳು. ಆಚೆಯಿಂದಲೇ ಕೂಗಿದಳು. "ಬ್ಯಾಡ ಬಿಡೇ ಈರಿ. ನನ್ನಿಂದ ಎಲ್ಲರಿಗೂ ಯಾಕೆ? ಮುಂದಿನ ಸಲ ಬಂದಾಗ ಕೊಡ್ತೀನಿ."

ಡಾಕ್ಟರಮ್ಮ ನನ್ನ ಮುಖ ನೋಡಿದಳು, ಪೆಟ್ಟಿಗೆ ನೋಡಿದಳು. ಇವಳೊಬ್ಬಳದ್ದು ತೆಗೆಯೋಕೆ ಹೋಗಿ ಅಷ್ಟೂ ಜನರದ್ದು ಚೆಲ್ಲಿಹೋದರೆ ಅಂತ ಅವಳಿಗೆ. "ಅವರನ್ನ ಬೆಂಗಳೂರಿಗೇ ಕರ್ಕೊಂಡು ಬನ್ನಿ, ಬೇಗ" ಅಂದಳು. ಜೀಪು ಧೂಳೆಬ್ಬಿಸಿಕೊಂಡು ಗುಡಿಸಲ ಮುಂದೆಯೇ ಹೋಯಿತು. ಎಲ್ಲರ ರಕ್ತವೂ ಹೋಯಿತು, ಯಾರ ರಕ್ತಕ್ಕಾಗಿ ನಾನು ಅವರನ್ನು ಕರೆಸಿದ್ದೆನೋ ಅವಳದ್ದೊಂದು ಬಿಟ್ಟು. ಮೈಯೊಳಗಿನ ರೋಗವೇ ಪದೇ ಪದೇ ರಕ್ತ ಹರಿಸಿ ಅವಳನ್ನು ಬೇಲಿಯಾಚೆ ಕೂರಿಸಿತ್ತು. ಬೇಲಿಯಾಚೆ ಇದ್ದದ್ದಕ್ಕೆ ರೋಗ ನೋಡುವವರು ಅವಳನ್ನು ಮುಟ್ಟಲಿಲ್ಲ. ಇದನ್ನು ನೆನೆದಾಗ ನನಗೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ.

ಅವತ್ತೇ ಬಾ ಅಂತ ಅಕ್ಕನಿಗೆ ಅಂದೆ, ಬರಲಿಲ್ಲ. ದೇವರ ಕಾರ್ಯ ಮುಗಿಯಲಿ ಅಂದಳು. ಮುಗಿದ ಮೇಲೆ ಕುರಿ ಈಯುತ್ತಿವೆ ಅಂದಳು. ಆಮೇಲೆ ಅವ್ವನಿಗೆ ಜ್ವರ ಅಂದಳು. ಹೋದಾಗಲೆಲ್ಲ ಜಗಳವಾಡಿ ಬರುತ್ತಿದ್ದೆ. ನಡುವೆ ಸೀರೆ ಅಂಗಡಿಯ ಫೋನಿಗೆ ಡಾಕ್ಟರಮ್ಮನ ಸುದ್ದಿ ಬಂತು: ಎಲ್ಲರ ರಕ್ತವೂ ಚೆನ್ನಾಗಿದೆ. "ನೋಡಿದ್ಯಾ, ನಮ್ ಹಟ್ಟಿ ಹೆಣ್ಮಕ್ಕಳು ಗಟ್ಟಿಮುಟ್ಟು" ಅಂತ ಅಣ್ಣ ಮೀಸೆ ತಿರುವಿದ. ಬೇಸಿಗೆ ಕಳೆಯುವಷ್ಟರಲ್ಲಿ ಅಕ್ಕನ ಹೊಟ್ಟೆ ಸೀರೆಯೊಳಗೂ ಕಾಣುವಂತಾಗಿತ್ತು. ಆಗ ಯಾರನ್ನೂ ಕೇಳಲಿಲ್ಲ. ಗುಡಿಸಲಿನಿಂದ ನೇರ ಕೈಹಿಡಿದು ಎಬ್ಬಿಸಿಕೊಂಡು ಬಸ್ಸು ಹತ್ತಿಸಿದೆ.

ಅದೇ ಪಡಸಾಲೆ, ಅದೇ ಬೆಂಚು. ಈ ಸಲ ಸೋಮಾರಿ ಪರೀಕ್ಷೆ ಸೋಮಾರಿಯಾಗಿರಲಿಲ್ಲ, ಗಂಟಲು ಹರಿಯುವಂತೆ ಕೂಗಿತು. ಅವಳ ನಂಬರನ್ನು ಎರಡೆರಡು ಸಲ ಓದಿಕೊಂಡೆ. ಹೊಟ್ಟೆ ತೆರೆದು ನೋಡಿ, ಹೆಚ್ಚೇನೂ ಮಾಡಲಾಗದೆ ಮುಚ್ಚಿದರು.

ಪಡಸಾಲೆಯಲ್ಲಿ ದೊಡ್ಡ ಡಾಕ್ಟರಮ್ಮನನ್ನು ಅಡ್ಡಗಟ್ಟಿ ಕೇಳಿದೆ. "ಆವತ್ತು ಹಟ್ಟೀಲಿ ಇವಳ ರಕ್ತ ತೆಗೆದಿದ್ರೆ ಗೊತ್ತಾಗ್ತಿತ್ತಾ? ನಿಜ ಹೇಳಿ."

"ಗೊತ್ತಿಲ್ಲ ಈರಮ್ಮ. ಗೊತ್ತಾಗ್ತಿತ್ತೇನೋ, ಆಗ್ತಿರಲಿಲ್ಲವೇನೋ. ಗೊತ್ತಾಗಿದ್ರೂ ಉಳೀತಿದ್ದರಾ, ಅದೂ ಹೇಳಕ್ಕಾಗಲ್ಲ. ಅದನ್ನ ತಿಳ್ಕೊಳ್ಳೋಕೇ ತಾನೆ ಆ ರಕ್ತ ಎಲ್ಲಾ ಕೂಡಿಸ್ತಿರೋದು" ಅಂದರು.

ಹೌದು ಅಂದಿದ್ದರೆ ಊರಿಗೆ ಹೋಗಿ ಅಣ್ಣನ ಕೊರಳಪಟ್ಟಿ ಹಿಡಿಯುತ್ತಿದ್ದೆ. ಇಲ್ಲ ಅಂದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಈ ಗೊತ್ತಿಲ್ಲ ಅನ್ನೋದನ್ನು ಎಲ್ಲಿಡಲಿ? ನನ್ನ ಕಾಯಿಲೆಯ ದಿನಗಳಲ್ಲೂ ನಾನು ಅಷ್ಟು ಒಂಟಿ ಆಗಿರಲಿಲ್ಲ.

ವಾರ್ಡಿಗೆ ಹೋದೆ. ಸುದ್ದಿ ಕೇಳಿ ಬಂದಿದ್ದ ಅಣ್ಣ ಅಕ್ಕನ ಕಾಲ ಬಳಿ ಗಂಜಿಯ ಫ್ಲಾಸ್ಕು ಹಿಡಿದು ನಿಂತಿದ್ದ. ಮಧ್ಯಾಹ್ನದ ಬಿಸಿಲು ಅವಳ ಮುಖದ ಮೇಲೆ ಬೀಳುತ್ತಿತ್ತು. ಪರದೆ ಎಳೆದೆ. ಅಕ್ಕ ನನ್ನ ಕೈ ಹಿಡಿದು, ನಾನು ಕೇಳಿದ್ದನ್ನೇ ಕೇಳಿದಳು. "ಆವತ್ತು ಕೊಟ್ಟಿದ್ರೆ ಗೊತ್ತಾಗ್ತಿತ್ತಾ ಈರಿ? ಡಾಕ್ಟ್ರು ಏನಂದ್ರು?"

ಅವಳ ಕಣ್ಣು ನೋಡಿದೆ. ಅವಳಿಗೆ ಬೇಕಿದ್ದ ಉತ್ತರ ಒಂದೇ. ಹಟ್ಟಿಯ ಮೇಲೆ, ಅವ್ವನ ಮೇಲೆ, ದೇವರ ಮೇಲೆ ತಪ್ಪು ಹೊರಿಸಿ ಹೋಗೋದು ಅವಳ ಕೈಲಾಗೋ ಮಾತಾ?

"ಇಲ್ಲಕ್ಕ, ಗೊತ್ತಾಗ್ತಿರಲಿಲ್ಲವಂತೆ. ಯಾವತ್ತು ಕೊಟ್ಟಿದ್ರೂ ಅಷ್ಟೇಯಂತೆ" ಅಂದೆ.

"ಅಬ್ಬಾ" ಅಂದಳು. ಎಷ್ಟೋ ದಿನದಿಂದ ಹೊತ್ತಿದ್ದ ಹೊರೆ ಇಳಿಸಿದ ಹಾಗಿತ್ತು ಆ ಉಸಿರು. "ಕೇಳಿದ್ಯೇನಣ್ಣ? ಅವ್ವಂಗೆ ಹೇಳು. ಪಾಪ, ಒಳಗೊಳಗೇ ಕೊರಗ್ತಾವ್ಳೆ."

ಆ ಸುಳ್ಳಿಗೆ ನನಗೆ ಪಶ್ಚಾತ್ತಾಪವಿಲ್ಲ. ಅಕ್ಕ ಎದ್ದು ಬಂದು ಮತ್ತೆ ಕೇಳಿದರೂ ಅದನ್ನೇ ಹೇಳುತ್ತೇನೆ.

ಅಕ್ಕ ಹಟ್ಟಿಯಲ್ಲೇ ಹೋದಳು, ಒಳಗೆ, ಅವ್ವನ ತೊಡೆಯ ಮೇಲೆ. ಅವಳ ತಿಥಿ ಕಾರ್ಯಕ್ಕೆ ನೆಂಟರೆಲ್ಲ ಸೇರಿದ್ದರು. ಊಟ ಮುಗಿದು, ಎಲೆಅಡಿಕೆ ಹಾಕಿಕೊಂಡು ಕೂತಿದ್ದಾಗ ಅಣ್ಣ ಮಾತು ತೆಗೆದ. ಬೆಂಗಳೂರಿನ ಡಾಕ್ಟರು ಮತ್ತೆ ಬರುವವರಿದ್ದರು. ಅವರಿಗೆ ಒಂದೇ ಸಲದ ರಕ್ತ ಸಾಲದು, ವರ್ಷ ಬಿಟ್ಟು ಅದೇ ಹೆಂಗಸರದ್ದು ಮತ್ತೆ ಬೇಕು.

"ಬರ್ಲಿ, ಕೊಡಾನ" ಅಂದ ಅಣ್ಣ. "ಹೋದ ಸಲದಂಗೇ ಹೊರಗಿರೋರು ಬಿಟ್ಟು ಮಿಕ್ಕೋರು ಕೊಡಿ. ಕರಿಯಮ್ಮಂದು ತೆಗೀಲಿಲ್ಲ, ಅದಕ್ಕೇ ಹೋದ್ಳು ಅಂತ ಯಾರ್ಯಾರೋ ಆಡ್ಕಂತಾವ್ರೆ. ಸುಳ್ಳು ಅದು. ಯಾವತ್ತು ಕೊಟ್ಟಿದ್ರೂ ಅಷ್ಟೇ ಅಂತ ದೊಡ್ಡಾಸ್ಪತ್ರೆ ಡಾಕ್ಟ್ರೇ ಹೇಳವ್ರೆ. ಓದಿರೋಳು ನಮ್ ಈರಮ್ಮ, ಅವಳ ಬಾಯಿಂದ್ಲೇ ನಾನು ಕೇಳೀನಿ."

ಎಲ್ಲರೂ ನನ್ನ ಕಡೆ ತಿರುಗಿದರು. ಹಿಂದಿನ ಸಾಲಿನಲ್ಲಿ ಅಕ್ಕನ ಮಗಳು ಮಂಜುಳ ಕೂತಿದ್ದಳು. ಮಾವ ಹೇಳಿದ್ದಕ್ಕೆ ಹೌದು ಹೌದು ಅಂತ ತಲೆ ಆಡಿಸುತ್ತಿದ್ದಳು. ಅವಳ ತೋಳು, ಅವಳ ಮೂಗು, ಅವಳು ಕೂತ ರೀತಿ, ಎಲ್ಲಾ ಅಕ್ಕನದೇ. ಇನ್ನೆಷ್ಟು ವರ್ಷಕ್ಕೋ ಇವಳೂ ಆ ಹೊಸ್ತಿಲಲ್ಲಿ ಕೂತು ಎರಡು ತುತ್ತಿಗೆ ಸಾಕು ಅನ್ನುತ್ತಾಳೆ, ಆಗಲೂ ನನ್ನ ಮಾತನ್ನೇ ಸಾಕ್ಷಿ ಮಾಡಿಕೊಂಡು ಜೀಪು ಅವಳ ಮುಂದೆ ಹಾದುಹೋಗುತ್ತದೆ.

ಎದ್ದು ನಿಂತೆ. "ಡಾಕ್ಟ್ರು ಹಂಗಂದಿಲ್ಲ. ಗೊತ್ತಿಲ್ಲ ಅಂದ್ರು. ಗೊತ್ತಾಗ್ತಿತ್ತೇನೋ ಅಂತಾನೂ ಅಂದ್ರು. ಸಾಯೋಳ ಸಮಾಧಾನಕ್ಕೆ ನಾನು ಸುಳ್ಳು ಹೇಳ್ದೆ. ಈ ಸಲ ಅವರು ಬಂದಾಗ ಮೊದಲು ಗುಡಿಸ್ಲಾಗಿರೋರ ರಕ್ತ ತೆಗೀಬೇಕು. ಇಲ್ದಿದ್ರೆ ಯಾರದ್ದೂ ಬ್ಯಾಡ, ನಾನೇ ಅವರಿಗೆ ಬರಬ್ಯಾಡಿ ಅಂತೀನಿ."

ಕೆಲವು ಗಂಡಸರು ಎದ್ದರು. "ಸತ್ತೋಳ ಹೆಸರಲ್ಲಿ ಸುಳ್ಳೇನಮ್ಮ? ನಾಲಿಗೆ ಮ್ಯಾಲೆ ಹಿಡ್ತ ಬ್ಯಾಡ್ವಾ?" ಅಂದ ಅಣ್ಣ. ಮಂಜುಳ ತಲೆ ಆಡಿಸೋದು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಯಾರು ಏನಂದರೂ ಅನ್ನಲಿ, ಬಗ್ಗುವುದಿಲ್ಲ ಅಂತ ನಾನು ಸೆರಗು ಸಿಕ್ಕಿಸಿಕೊಂಡು ನಿಂತಿದ್ದೆ.

ಅವ್ವ ಗೋಡೆಗೆ ಒರಗಿ ಕೂತಲ್ಲಿಂದಲೇ ಕೈಯೆತ್ತಿದಳು. ಎದ್ದಿದ್ದವರು ಕೂತರು.

"ಹಂಗಾದ್ರೆ ಆವತ್ತು ನಾನು ಪೆಟ್ಟಿಗೆ ವಿಚಾರ ಎತ್ತದೆ ಇದ್ದಿದ್ರೆ ನನ್ ಮಗಳು ಉಳೀತಿದ್ಳಾ?"

"ಗೊತ್ತಿಲ್ಲವ್ವ" ಅಂದೆ.

ಅವ್ವ ನನ್ನನ್ನೇ ನೋಡಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

"ಅವಳಿಗೆ ಹೇಳಿದ ಸುಳ್ಳು ನನಗೂ ಒಂದು ಹೇಳಬಾರ್ದಿತ್ತೇನೇ ಈರಿ?" ಅಂದಳು.